ಪಿಚ್ಚಿನ ಅಂಗಳದ ಕಾಳು

ಜನವರಿ 8

ತೀರ್ಥರೂಪರಾದ ಅಪ್ಪನವರಿಗೆ ಮಗಳ ನಮಸ್ಕಾರಗಳು.

ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳುತ್ತದೆ, ಉಳಿದರ್ಧವನ್ನು ನೀವೇ ಕಟ್ಟಿಕೊಳ್ಳುತ್ತೀರಿ. ಕಾರ್ಖಾನೆಯ ಕೋಕು ಇದ್ದಲು ಅರೆಯುವ ಗಿರಣಿ ನಿಮ್ಮ ಕಿವಿಗಳನ್ನು ಕೆಡಿಸಿದ ಮೇಲೆ ನಮ್ಮಿಬ್ಬರ ನಡುವೆ ಉಳಿದಿರುವ ದಾರಿ ಕಾಗದವೊಂದೇ. ಆದ್ದರಿಂದ ಸುದ್ದಿಯನ್ನು ಬರೆದೇ ತಿಳಿಸುತ್ತಿದ್ದೇನೆ. ಹೋದ ಸೋಮವಾರದಿಂದ ಕಲಸುಮನೆ ಮತ್ತು ಗಟ್ಟಿ ಡಾಂಬರು ಒಡೆಯುವ ಪಿಚ್ಚಿನ ಅಂಗಳ, ಎರಡರ ಹೊಣೆಯನ್ನೂ ನನಗೆ ವಹಿಸಿದ್ದಾರೆ. ನೀವು ಮೇಸ್ತ್ರಿಯಾಗಿ ನಿಂತು ಕೂಗುತ್ತಿದ್ದ ಕಟ್ಟೆಯ ಮೇಲೆ ಈಗ ನನ್ನ ಕುರ್ಚಿಯಿದೆ.

ನಿಮ್ಮ ಕಾಲದವರು ಕೆಲವರೇ ಉಳಿದಿದ್ದಾರೆ. ಈಗಿನ ಮೇಸ್ತ್ರಿ ನಿಮ್ಮ ಶಿಷ್ಯ ಸೀಟಿ ಮಾಮ. ನಾನು ಒಳಗೆ ಕಾಲಿಟ್ಟೊಡನೆ ಬಾಯಲ್ಲಿ ಬೆರಳಿಟ್ಟು ಸಿಳ್ಳೆ ಹೊಡೆದು ಕೆಲಸ ನಿಲ್ಲಿಸಿದರು. “ಲೇ, ನಮ್ಮ ಹಳೇ ಮೇಸ್ತ್ರಿ ಮಗಳು ಕಣ್ರೋ! ಇವಳ ಮೂಗು ಒರೆಸಿದೀನಿ ನಾನು. ಈಗ ನಮ್ಮ ಮೂಗು ಒರೆಸೋಕೆ ಬಂದಿದಾಳೆ!” ಎಂದರು. ಪುಡಿ ಅಂಟದಿರಲೆಂದು ಬಿಳಿಮಣ್ಣು ಬಳಿದ ಮುಖಗಳೆಲ್ಲ ನಕ್ಕವು. ನಾನೂ ನಕ್ಕೆ.

ಇನ್ನೊಂದು ಸುದ್ದಿಯಿದೆ. ಏಪ್ರಿಲ್ ಕೊನೆಯಿಂದ ಪಿಚ್ಚು ಗಟ್ಟಿಯಾಗಿ ಲಾರಿಯಲ್ಲಿ ಬರುವುದಿಲ್ಲ. ಕಲ್ಲಿದ್ದಲ ಡಾಂಬರನ್ನು ಬಟ್ಟಿ ಇಳಿಸುವ ಪಕ್ಕದ ಘಟಕದಿಂದ ಕರಗಿದ ಸ್ಥಿತಿಯಲ್ಲಿಯೇ, ಬಿಸಿ ಕೊಳವೆಯ ಮೂಲಕ, ನೇರವಾಗಿ ಕಲಸುಯಂತ್ರಕ್ಕೆ ಬೀಳುತ್ತದೆ. ಸುತ್ತಿಗೆಯಿಂದ ಒಡೆಯುವ ಕೆಲಸವೂ ಇಲ್ಲ, ಮೈಗೆ ಹಾರುವ ಪುಡಿಯೂ ಇಲ್ಲ. ಅಂಗಳವನ್ನು ಮುಚ್ಚುತ್ತೇವೆ. ಅಲ್ಲಿನ ಎಲ್ಲರಿಗೂ ಒತ್ತುಯಂತ್ರದಲ್ಲಿ ಮತ್ತು ಭಟ್ಟಿಯಲ್ಲಿ ಕೆಲಸವಿದೆ. ಅದಕ್ಕೆ ಮೊದಲು ಚರ್ಮದ ವೈದ್ಯರೊಬ್ಬರು ಬಂದು ಎಲ್ಲರನ್ನೂ ಪರೀಕ್ಷಿಸುತ್ತಾರೆ.

ಕೊಳವೆ ತೆರೆಯುವ ದಿನ ನೀವು ಬರಬೇಕು. ಅದರ ಕವಾಟದ ಚಕ್ರಕ್ಕೆ ಮೊದಲ ಕೈ ನಿಮ್ಮದಾಗಲಿ. ನೀವು ಸಂಜೆಯ ತಿರುಗಾಟವನ್ನು ಬಿಟ್ಟಿದ್ದೀರೆಂದು ಅಣ್ಣ ಹೇಳಿದ. ಏಕೆ?

ನಿಮ್ಮ ಮಗಳು


ಜನವರಿ 19

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ನಿನ್ನ ಕುರ್ಚಿಯ ಸುದ್ದಿ ಸಂತೋಷ ತಂದಿತು. ಆ ಸಂತೋಷ ನಿನ್ನ ಕಾಗದದ ಹಾಳೆಯನ್ನು ಮಗುಚುವವರೆಗೆ ಬಾಳಿತು.

ಅಂಗಳವನ್ನು ಮುಚ್ಚುವ ಮಾತನ್ನು ನೀನು ಕಿಟಕಿ ಮುಚ್ಚುವಷ್ಟು ಹಗುರವಾಗಿ ಬರೆದಿದ್ದೀಯೆ. ನೀನು ಕಾಲೇಜಿನಲ್ಲಿ ಓದಿದ್ದನ್ನು ನಾನು ಕೈಯಲ್ಲಿ ಓದಿದ್ದೇನೆ. ಕೋಕು ಮೂಳೆಯಿದ್ದಂತೆ, ಪಿಚ್ಚು ಅದನ್ನು ಹಿಡಿದಿಡುವ ನರವಿದ್ದಂತೆ. ಎರಡನ್ನೂ ಬಿಸಿಯಲ್ಲಿ ಕಲಸಿ, ಒತ್ತಿ ಕಂಬ ಮಾಡಿ, ಕೋಕು ಪುಡಿಯಲ್ಲಿ ಹೂತು, ವಾರಗಟ್ಟಲೆ ಮೆಲ್ಲಮೆಲ್ಲನೆ ಬೇಯಿಸಬೇಕು. ಅವಸರಪಟ್ಟರೆ ಒಳಗೊಳಗೇ ಸೀಳುತ್ತದೆ. ಬೆಂದದ್ದನ್ನು ಮತ್ತೆ ವಿದ್ಯುತ್ ಕುಲುಮೆಯಲ್ಲಿಟ್ಟು, ಕಬ್ಬಿಣ ಕರಗುವುದಿರಲಿ, ಕುದಿಯುವಷ್ಟು ಶಾಖ ಕೊಟ್ಟರೆ ಕಪ್ಪು ಕಳೆದು ಬೂದುಹೊಳಪು ಬರುತ್ತದೆ. ಕಲ್ಲಿದ್ದಲಿನ ಹೊಗೆ, ಗಂಧಕ, ಕೊಳೆಯೆಲ್ಲ ಹೋಗಿ ಅದರ ಸತ್ವವೊಂದೇ ಉಳಿದ ರೂಪ ಅದು. ಉಕ್ಕಿನ ಕುಲುಮೆಗಳಿಗೆ ಹೋಗುವ ಆ ಗ್ರಾಫೈಟ್ ಕಂಬವನ್ನು ಬೆರಳಿನಿಂದ ತೀಡಿ ನೋಡಿದವನಿಗೆ ತಾನು ಕೂಲಿಯವನೆಂಬ ಭಾವ ಬರುವುದಿಲ್ಲ. ಅದರ ಮೊದಲ ಹೆಜ್ಜೆ ಅಂಗಳದ್ದು.

ಇನ್ನು ಪರೀಕ್ಷೆಯ ವಿಚಾರ. ಪಿಚ್ಚಿನ ಪುಡಿ ಕೂತ ಮೈಗೆ ಬಿಸಿಲು ಬಿದ್ದರೆ ಉರಿಯುತ್ತದೆ, ಕಾಲ ಸರಿದಂತೆ ಅಲ್ಲಲ್ಲಿ ಕರಿಯ ಗಂಟು ಏಳುತ್ತದೆ. ನಾವು ಅದನ್ನು ಕಾಳು ಎನ್ನುತ್ತೇವೆ. ಹೊಸಬನಿಗೆ ಮೊದಲ ಕಾಳು ಬಿದ್ದ ದಿನ ಅವನು ಇಡೀ ಅಂಗಳಕ್ಕೆ ಚಹಾ ಕುಡಿಸಬೇಕು, ಅಂದಿನಿಂದ ಅವನು ‘ಪಕ್ಕಾ’. ಕಾಳಿಲ್ಲದವನ ಮಾತಿಗೆ ಅಂಗಳದಲ್ಲಿ ತೂಕವಿಲ್ಲ. ಕಾಳು ದೊಡ್ಡದಾದರೆ ಮೇಸ್ತ್ರಿಯಾದವನು ಬ್ಲೇಡಿನಿಂದ ಕೊಯ್ದು ಸ್ಪಿರಿಟ್ ಒತ್ತುತ್ತಾನೆ. ಆ ಕೆಲಸವನ್ನು ನಾನು ಮೇಸ್ತ್ರಿಗಿರಿಯುದ್ದಕ್ಕೂ ಮಾಡಿದ್ದೇನೆ. ನನ್ನ ಕೈಯಡಿ ಒಬ್ಬನೂ ಅತ್ತಿಲ್ಲ, ಒಬ್ಬನೂ ಕೆಲಸಕ್ಕೆ ತಪ್ಪಿಲ್ಲ.

ಈಗ ಯಾರೋ ಬಂದು ಅವರನ್ನು ಬಟ್ಟೆ ಬಿಚ್ಚಿಸಿ ನಿಲ್ಲಿಸಿ ಕಾಳು ಎಣಿಸುತ್ತಾರೆಯೇ? ಎಣಿಸಿ ಏನು ಮಾಡುತ್ತಾರೆಂದು ಸೀಟಿ ನನಗೆ ಬರೆದು ಕೇಳಿದ್ದಾನೆ. ಅವನಿಗೆ ತಕ್ಕ ಉತ್ತರ ಕೊಟ್ಟಿದ್ದೇನೆ.

ಚಕ್ರವನ್ನು ನೀನೇ ತಿರುಗಿಸಿಕೋ. ನನ್ನ ತಿರುಗಾಟದ ಚಿಂತೆ ನಿನಗೆ ಬೇಡ.

ನಿನ್ನ ಅಪ್ಪ


ಫೆಬ್ರವರಿ 3

ಅಪ್ಪಾ,

ಸೀಟಿ ಮಾಮನಿಗೆ ಕೊಟ್ಟ ‘ತಕ್ಕ ಉತ್ತರ’ ಏನೆಂದು ನನಗೆ ಮೊನ್ನೆ ತಿಳಿಯಿತು.

ವೈದ್ಯರು ಬೆಳಿಗ್ಗೆಯಿಂದ ಕಾದು ಕುಳಿತಿದ್ದರು. ಚಿಕಿತ್ಸಾಲಯದ ಕೋಣೆಗೆ ಹೊಸ ಪರದೆ ಹಾಕಿಸಿದ್ದೆ. ಹೊರಗೆ ಬೆಂಚುಗಳನ್ನಿಡಿಸಿದ್ದೆ. ಬೆಂಚಿನ ಮೇಲೆ ಯಾರೂ ಕೂರಲಿಲ್ಲ. ನಾನೇ ಅಂಗಳಕ್ಕೆ ಹೋದೆ.

“ಯಾಕೆ ಮಾಮ, ಯಾರೂ ಬರಲಿಲ್ಲ?”

ಸೀಟಿ ಮಾಮ ಸುತ್ತಿಗೆ ಕೆಳಗಿಡಲಿಲ್ಲ. “ಬಟ್ಟೆ ಬಿಚ್ಚೋಕೆ ಇವರೇನು ಎಳೇ ಕೂಸುಗಳೇನಮ್ಮ?”

“ಬಿಚ್ಚಿಸೋದು ವೈದ್ಯರು, ನಾನಲ್ಲ. ನಾನು ಆ ಕಡೆ ತಲೆ ಹಾಕೋದೂ ಇಲ್ಲ.”

ದಪ್ಪಣ್ಣ ಎಂದು ಕರೆಯುತ್ತಾರಲ್ಲ, ಆ ದಢೂತಿ ಮನುಷ್ಯ, ಪಿಚ್ಚಿನ ಗುಡ್ಡೆಯ ಹಿಂದಿನಿಂದ ಕೂಗಿದರು: “ನಮ್ಮ ಚಡ್ಡಿ ಒಳಗಿನ ವ್ಯವಹಾರ ಕಂಪನಿಗೆ ಯಾಕಮ್ಮ? ಅದೇನು ಕೋಕಾ, ತೂಕ ಹಾಕಿ ನೋಡೋಕೆ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಸೀಟಿ ಮಾಮ ಮೆಲ್ಲಗೆ ಹೇಳಿದರು: “ಕಾಳು ಇದ್ದೋನನ್ನ ಬೇರೆ ಮಾಡಿ ಮನೆಗೆ ಕಳಿಸ್ತಾರೆ, ಅಷ್ಟೇ. ನಿನ್ನ ಅಪ್ಪನೇ ಬರೆದಿದಾರೆ, ‘ಬಿಚ್ಚಬೇಡಿ, ಬಗ್ಗಬೇಡಿ’ ಅಂತ. ಅವರಿಗಿಂತ ನೀನು ಹೆಚ್ಚೇನಮ್ಮ ನಮಗೆ?”

ನನ್ನ ಜನರ ಮುಂದೆ, ನನ್ನ ಅಪ್ಪನ ಅಕ್ಷರದಿಂದಲೇ ನನ್ನ ಬಾಯಿ ಮುಚ್ಚಿಸಿದಿರಿ. ಇಷ್ಟು ದೂರದಿಂದ ಕೈ ಚಾಚಿ ಒಂದು ಅಂಗಳವನ್ನು ಹಿಡಿದು ನಿಲ್ಲಿಸಬಲ್ಲಿರೆಂದು ತೋರಿಸಿದಿರಿ. ತೃಪ್ತಿಯಾಯಿತೇ?

ವೈದ್ಯರು ಹೇಳಿದ್ದನ್ನು ಬಣ್ಣ ಹಚ್ಚದೆ ಬರೆಯುತ್ತೇನೆ. ಕಾಳುಗಳಲ್ಲಿ ಬಹಳಷ್ಟು ಬರಿಯ ಗಂಟುಗಳು. ಕೆಲವು ಮಾತ್ರ ಕ್ಯಾನ್ಸರ್ ಆಗುತ್ತವೆ. ಮೊದಲೇ ಕಂಡರೆ ಒಂದು ಸಣ್ಣ ಶಸ್ತ್ರಕ್ರಿಯೆಯಲ್ಲಿ ಮುಗಿಯುತ್ತದೆ, ತಡವಾದರೆ ಮನುಷ್ಯನೇ ಮುಗಿಯುತ್ತಾನೆ. ಬ್ಲೇಡಿನಿಂದ ಕೊಯ್ದರೆ ಮೇಲಿನದು ಹೋಗುತ್ತದೆ, ಬೇರು ಒಳಗೇ ಉಳಿಯುತ್ತದೆ.

ಇನ್ನೊಂದು ವಿಷಯವನ್ನು ಇದುವರೆಗೆ ನಿಮಗೆ ಬರೆದಿರಲಿಲ್ಲ. ವ್ಯವಸ್ಥಾಪಕರು ಗಡುವು ಹಾಕಿದ್ದಾರೆ. ಮಾರ್ಚ್ ಮುಗಿಯುವುದರೊಳಗೆ ಪರೀಕ್ಷೆ ಮಾಡಿಸಿಕೊಳ್ಳದವರನ್ನು ಹೊಸ ಕೆಲಸಕ್ಕೆ ಒಪ್ಪದವರೆಂದು ತಿಳಿದು ಕೈಬಿಡುತ್ತಾರೆ. ಕಾಳಿದೆಯೆಂಬ ಕಾರಣಕ್ಕೆ ಯಾರನ್ನೂ ತೆಗೆಯಕೂಡದೆಂದು ನಾನು ಹಟ ಹಿಡಿದು ಅವರ ಒಪ್ಪಿಗೆ ಪಡೆದೆ. ಪ್ರತಿಯಾಗಿ ಈ ಗಡುವನ್ನು ನುಂಗಿಕೊಂಡೆ. ಈಗ ನಿಮ್ಮ ಮಾತು ಕೇಳಿ ನಿಂತರೆ ಅವರಿಗೆ ಮೈಯೂ ಉಳಿಯುವುದಿಲ್ಲ, ಕೆಲಸವೂ ಉಳಿಯುವುದಿಲ್ಲ.

ಸೀಟಿ ಮಾಮನಿಗೆ ಇನ್ನೊಮ್ಮೆ ಬರೆಯಿರಿ. ‘ತೋರಿಸಿಕೊಳ್ಳಿ’ ಎಂಬ ಒಂದೇ ಪದ ಸಾಕು.


ಫೆಬ್ರವರಿ 10

ಇಂಜಿನಿಯರಮ್ಮನವರ ಸನ್ನಿಧಾನಕ್ಕೆ,

ತಮ್ಮ ಪತ್ರ ತಲುಪಿತು. ಅಪ್ಪನಿಗೆ ಬರೆದದ್ದೋ ಆಪಾದಿತನಿಗೆ ಬರೆದದ್ದೋ ತಿಳಿಯದೆ ಎರಡು ಬಾರಿ ಓದಬೇಕಾಯಿತು.

ಗಡುವನ್ನು ನುಂಗಿಕೊಂಡೆ ಎನ್ನುತ್ತೀರಿ. ಅವರ ಬದುಕಿನ ಗಡುವನ್ನು ನುಂಗಲು ನಿಮ್ಮನ್ನು ಯಾರು ಕರೆದಿದ್ದರು? ವ್ಯವಸ್ಥಾಪಕರ ಮೇಜಿನ ಆಚೆ ಬದಿಯಲ್ಲಿ ಕೂತು ಚಹಾ ಕುಡಿದ ಮೇಲೆ ಮಾತು ಹೀಗೇ ಆಗುತ್ತದೆ. ಅಂಗಳದವರು ಅರ್ಥ ಮಾಡಿಕೊಂಡಿದ್ದು ಸರಿಯಾಗಿಯೇ ಇದೆ: ಬಿಚ್ಚಿದರೂ ಹೋಗಬೇಕು, ಬಿಚ್ಚದಿದ್ದರೂ ಹೋಗಬೇಕು. ಹಾಗಿದ್ದ ಮೇಲೆ ಮಾನ ಉಳಿಸಿಕೊಂಡು ಹೋಗಲಿ.

ನಾನು ಕೊಯ್ದದ್ದು ತಪ್ಪೆಂದು ಸುತ್ತಿ ಬಳಸಿ ಹೇಳಿದ್ದೀರಿ. ನೇರವಾಗಿಯೇ ಹೇಳಿ. ಇಪ್ಪತ್ತರ ಹರೆಯದವನು ಕುತ್ತಿಗೆಯ ಮೇಲೆ ಕಾಳು ಹೊತ್ತು ನನ್ನೆದುರು ಬಗ್ಗಿ ನಿಲ್ಲುತ್ತಿದ್ದ. “ಮೇಸ್ತ್ರಿ, ಮದುವೆ ಗೊತ್ತಾಗಿದೆ, ಹುಡುಗಿ ಕಡೆಯವರು ನೋಡೋಕೆ ಬರ್ತಾರೆ, ನೀಟಾಗಿ ತೆಗೀರಿ” ಎನ್ನುತ್ತಿದ್ದ. ನಾನು ತೆಗೆಯುತ್ತಿದ್ದೆ. ಅಂಥವರ ಮಕ್ಕಳು ಇಂದು ದೊಡ್ಡವರಾಗಿದ್ದಾರೆ. ನಾನು ಕಟುಕನೇ? ಕೊಯ್ದದ್ದು ಕೇಡಾಗಿದ್ದರೆ ಅಂಗಳದಲ್ಲಿ ಎಲ್ಲರಿಗಿಂತ ಹೆಚ್ಚು ವರ್ಷ ನಿಂತವನು ನಾನು, ಎಲ್ಲರಿಗಿಂತ ಮೊದಲು ನಾನು ಸಾಯಬೇಕಿತ್ತು.

ಆ ಪಿಚ್ಚಿನ ಕೈಯಲ್ಲಿಯೇ ನಿನಗೆ ಅನ್ನ ಕಲಸಿ ಉಣ್ಣಿಸಿದ್ದೇನೆ. ಆ ಕೈಯ ವಾಸನೆ ಈಗ ನಿನಗೆ ಆಗುವುದಿಲ್ಲ. ನಿನ್ನ ಕಾಗದದ ಒಟ್ಟು ಅರ್ಥ ಇಷ್ಟೇ. ಅಪ್ಪ ದುಡಿದ ಜಾಗವನ್ನು ಮುಚ್ಚಿ, ಮೇಲೆ ಸಿಮೆಂಟು ಬಳಿದು, ಅಲ್ಲೊಂದು ಹೂಕುಂಡ ಇಟ್ಟರೆ ನಿನಗೆ ನೆಮ್ಮದಿ.

ಸೀಟಿಗೆ ನಾನು ಬರೆಯುವುದಿಲ್ಲ. ನಿನಗೂ ಇನ್ನು ಬರೆಯುವುದಿಲ್ಲ.


ಮಾರ್ಚ್ 5

ಮಾಜಿ ಮೇಸ್ತ್ರಿಗಳಿಗೆ,

ಇದು ಮಗಳ ಕಾಗದವಲ್ಲ. ಮಗಳ ಕಾಗದಗಳಿಗೆ ನೀವು ಉತ್ತರಿಸುವುದಿಲ್ಲವೆಂದು ತಿಳಿದಿರುವುದರಿಂದ ಪಿಚ್ಚಿನ ಅಂಗಳದ ಇಂಜಿನಿಯರಾಗಿ ಬರೆಯುತ್ತಿದ್ದೇನೆ.

ನಿನ್ನೆ ಅತ್ತಿಗೆ ಫೋನು ಮಾಡಿದ್ದರು. ನಡೆದ ಮಾತನ್ನು ಹಾಗೆಯೇ ಬರೆಯುತ್ತೇನೆ, ನಿಮ್ಮ ಮನೆಯಲ್ಲಿ ನಿಮಗೆ ಕೇಳಿಸದೆ ಏನು ನಡೆಯುತ್ತಿದೆಯೆಂದು ನಿಮಗೂ ತಿಳಿಯಲಿ.

“ನಾನು ಹೇಳಿದೆ ಅಂತ ಮಾವನಿಗೆ ಹೇಳ್ಬೇಡ ಕಣೇ. ದಿಂಬಿನ ಚೀಲ ದಿನಾ ಬದಲಾಯಿಸ್ತಾ ಇದೀನಿ. ರಕ್ತ.”

“ಎಲ್ಲಿಂದ ಅತ್ತಿಗೆ?”

“ಎಡಗಿವಿ ಹಿಂದೆ. ಹೋದ ಮಳೆಗಾಲದಿಂದ ಇದೆ. ಕೇಳಿದ್ರೆ ಕನ್ನಡಕದ ಕಡ್ಡಿ ಒತ್ತುತ್ತೆ ಅಂತಾರೆ. ಮೊನ್ನೆ ಬಚ್ಚಲಲ್ಲಿ ಎರಡು ಕನ್ನಡಿ ಇಟ್ಕೊಂಡು ಅವರೇ ಕೊಯ್ಕೊಳ್ತಾ ಇದ್ರು. ಬ್ಲೇಡಿಂದ. ನನ್ನ ಕಂಡು ‘ಬಾಗಿಲು ತಟ್ಟೋ ಅಭ್ಯಾಸ ಇಲ್ವೇನಮ್ಮ ನಿಮ್ಮ ಮನೇಲಿ’ ಅಂದ್ರು.”

ಹೋದ ಮಳೆಗಾಲದಿಂದ!

ಅಂದರೆ ಜನವರಿಯಲ್ಲಿ ‘ಒಬ್ಬನೂ ಕೆಲಸಕ್ಕೆ ತಪ್ಪಿಲ್ಲ’ ಎಂದು ಬರೆದಾಗ ಅದು ನಿಮ್ಮ ಕಿವಿಯ ಹಿಂದಿತ್ತು. ಸೀಟಿ ಮಾಮನಿಗೆ ‘ಬಿಚ್ಚಬೇಡಿ’ ಎಂದು ಬರೆದಾಗಲೂ ಇತ್ತು. ‘ಮೊದಲು ನಾನು ಸಾಯಬೇಕಿತ್ತು’ ಎಂದು ನನ್ನ ಮೇಲೆ ಹರಿಹಾಯುವಾಗ ದಿಂಬು ಒದ್ದೆಯಾಗಿತ್ತು. ತಿರುಗಾಟ ಬಿಟ್ಟದ್ದು ಏಕೆಂದು ಕೇಳಿದೆ, ಚಿಂತೆ ಬೇಡವೆಂದಿರಿ. ಬೀದಿಯಲ್ಲಿ ಯಾರಾದರೂ ನೋಡಿ ಕೇಳಿಯಾರೆಂದು ಮನೆಯೊಳಗೆ ಕೂತಿರಿ!

ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು. ನಿಮ್ಮೊಬ್ಬರ ಹಟಕ್ಕೆ ನೀವೊಬ್ಬರೇ ಬಲಿಯಾಗುವುದಿದ್ದರೆ ನಾನು ಕೈಕಟ್ಟಿ ನಿಂತು ನೋಡುತ್ತಿದ್ದೆನೋ ಏನೋ. ಆದರೆ ಒಂದು ಅಂಗಳವನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾವಿಗೆ ನಡೆಯುವ ಹಕ್ಕು ನಿಮಗಿಲ್ಲ.

ಅಣ್ಣನಿಗೆ ಹೇಳಿದ್ದೇನೆ. ಗುರುವಾರ ನಿಮ್ಮನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಬರುವುದಿಲ್ಲವೆಂದರೆ ಎತ್ತಿಕೊಂಡು ಹೋಗಲು ಹೇಳಿದ್ದೇನೆ.


ಮಾರ್ಚ್ 9

ಮಗಳಿಗೆ,

ಗುರುವಾರ ನಾನು ಆಸ್ಪತ್ರೆಗೆ ಹೋಗಲಿಲ್ಲ. ನಿನ್ನ ಅಣ್ಣ ಎತ್ತುವ ಮಾತಾಡಿದ. “ಎತ್ತು ನೋಡೋಣ, ನಿನ್ನ ಸೊಂಟ ಉಳಿಯುತ್ತೋ ನನ್ನ ಸೊಂಟ ಉಳಿಯುತ್ತೋ” ಎಂದೆ. ಅವನು ಕಚೇರಿಗೆ ಹೋದ.

ಸೊಸೆ ಈ ಮನೆಯ ಅನ್ನ ಹಾಕುವವಳು, ಅವಳನ್ನು ಬೇಹುಗಾರಿಕೆಗೆ ಹಚ್ಚಬೇಡ. ಕನ್ನಡಕದ ಕಡ್ಡಿ ಒತ್ತುವುದು ನಿಜ.

ನಿನ್ನ ವೈದ್ಯರ ಜಾಣತನದ ಬಗ್ಗೆ ಒಂದು ಮಾತು. ಬಹಳಷ್ಟು ಬರಿಯ ಗಂಟು, ಕೆಲವು ಮಾತ್ರ ಹಾಗಲ್ಲ ಎನ್ನುತ್ತಾರೆ. ಅದನ್ನು ಅವರು ಕಣ್ಣಿನಿಂದ ನೋಡಿಯೇ ಕಂಡುಕೊಳ್ಳುತ್ತಾರೋ? ಮೂರು ನಾಲ್ಕು ಸಲ ಕೊಯ್ದರೂ ಅದೇ ಜಾಗದಲ್ಲಿ ಬರುವುದು, ಅಂಚು ದಪ್ಪಗಾಗಿ ನಡು ಗುಳಿಬೀಳುವುದು, ಒರೆಸಿದಷ್ಟೂ ಒಸರುವುದು, ಇಂಥದ್ದು ಯಾವ ಜಾತಿಗೆ ಸೇರುತ್ತದೆಂದು ಆ ಮಹಾಶಯರು ಹೇಳಬಲ್ಲರೋ? ಅಂಗಳದ ಮೇಸ್ತ್ರಿಗೆ ತಿಳಿಯದ ಯಾವ ಗುರುತನ್ನು ಅವರು ಕಲಿತಿದ್ದಾರೋ ನೋಡೋಣ.

ಅಪ್ಪ


ಮಾರ್ಚ್ 13

ಅಪ್ಪಾ,

ನಿಮ್ಮ ವ್ಯಂಗ್ಯಕ್ಕೆ ಉತ್ತರ ಬರೆಯಲು ನನಗೆ ಬಿಡುವಿಲ್ಲ. ‘ಆ ಮಹಾಶಯರು’ ಏನು ಕಲಿತಿದ್ದಾರೆಂದು ನೋಡುವ ಆಸೆಯಿದ್ದರೆ ಅವರೆದುರು ಹೋಗಿ ಕಿವಿ ತೋರಿಸಿ. ಪರೀಕ್ಷೆಗೆ ನೀವು ಕೂರಿ, ವೈದ್ಯರನ್ನು ಕೂರಿಸಬೇಡಿ.

ಇಲ್ಲಿ ತಿಂಗಳ ಕೊನೆ ಹತ್ತಿರವಾಗುತ್ತಿದೆ. ಮೊನ್ನೆ ಅಂಗಳದಲ್ಲಿ ಮೂಟೆಯ ಮೇಲೆ ಕುಳಿತು ಒಬ್ಬೊಬ್ಬರೊಡನೆ ಮಾತಾಡಿದೆ. “ಮೊದಲು ಸೀಟಿಯಣ್ಣ ಹೋಗ್ಲಿ, ಆಮೇಲೆ ನಾವು” ಎನ್ನುತ್ತಾರೆ. ಸೀಟಿ ಮಾಮ “ಮೊದಲು ಹಳೇ ಮೇಸ್ತ್ರಿ ಹೇಳ್ಲಿ, ಆಮೇಲೆ ನಾನು” ಎನ್ನುತ್ತಾರೆ. ಮೇಸ್ತ್ರಿಯವರು ಮನೆಯಲ್ಲಿ ಕೂತು ಎರಡು ಕನ್ನಡಿಗಳ ನಡುವೆ ಬ್ಲೇಡು ಆಡಿಸುತ್ತಿದ್ದಾರೆಂದು ಅವರಿಗೆ ಹೇಳಿಬಿಡಲೇ ಎಂದು ನಾಲಿಗೆಯ ತುದಿಯವರೆಗೆ ಬಂತು. ಹೇಳಲಿಲ್ಲ. ನಿಮ್ಮ ಮರ್ಯಾದೆಗಾಗಿ ಅಲ್ಲ. ಹೇಳಿದರೂ ನಂಬುತ್ತಿರಲಿಲ್ಲ, ಅದಕ್ಕೆ.

ಸೀಟಿ ಮಾಮ ಈಗೀಗ ಕಾಲು ಅಗಲಿಸಿ ನಡೆಯುತ್ತಾರೆ. ಕೇಳಿದರೆ ಮಂಡಿನೋವು ಎನ್ನುತ್ತಾರೆ. ಕೂರಲು ಹೇಳಿದರೆ ಕೂರುವುದಿಲ್ಲ. ನಿಮ್ಮ ಶಿಷ್ಯನಲ್ಲವೇ, ಎಲ್ಲದಕ್ಕೂ ಒಂದು ಕನ್ನಡಕದ ಕಡ್ಡಿ ಸಿದ್ಧವಿರುತ್ತದೆ.


ಮಾರ್ಚ್ 22
ಆಸ್ಪತ್ರೆ, ಎರಡನೆಯ ಮಹಡಿ

ಮಗಳೇ,

ಮೊದಲು ಈ ಕೆಲಸ ಮಾಡು, ಉಳಿದದ್ದನ್ನು ಆಮೇಲೆ ಓದು. ಸೀಟಿಯದು ಮಂಡಿನೋವಲ್ಲ. ಕಾಳು ಬಿದ್ದಿರುವುದು ಅವನು ನಿನ್ನೆದುರು ಬಾಯಿಬಿಡಲಾಗದ ಜಾಗದಲ್ಲಿ. ಹೋದ ವರ್ಷ ನಮ್ಮ ಮನೆಗೆ ಬಂದಿದ್ದಾಗ ಬಚ್ಚಲಲ್ಲಿ ನಿಲ್ಲಿಸಿ ನಾನೇ ಕೊಯ್ದೆ. ಮತ್ತೆ ಬಂದಿದೆಯೆಂದು ಜನವರಿಯ ಕಾಗದದಲ್ಲಿ ಬರೆದಿದ್ದ. ಇಂದೇ ಅವನನ್ನು ವೈದ್ಯರ ಬಳಿಗೆ ಕಳಿಸು.

ನಿನ್ನ ಕಾಗದ ಬಂದ ಮರುದಿನ ನಾನಾಗಿಯೇ ಆಟೋ ಹಿಡಿದು ಇಲ್ಲಿಗೆ ಬಂದೆ. ನೀನು ಬೈದೆಯೆಂದು ಬರಲಿಲ್ಲ. ನಾನು ಕೇಳಿದ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲವೆಂದು ಬಂದೆ. ಅದು ವ್ಯಂಗ್ಯವಾಗಿರಲಿಲ್ಲ. ನನಗೆ ಕೇಳಲು ಬರುವ ರೀತಿ ಅದೊಂದೇ. ಆ ಗುರುತುಗಳನ್ನೆಲ್ಲ ಕನ್ನಡಿಯಲ್ಲಿ ನೋಡಿ ನೋಡಿ ಬರೆದಿದ್ದೆ. ಇಷ್ಟು ಓದಿದವಳಿಗೆ ಅಪ್ಪನ ಒಂದು ಪ್ರಶ್ನೆಯನ್ನು ಓದಲಾಗಲಿಲ್ಲವೇ?

ನೋಡಿದ ವೈದ್ಯೆ ನಿನಗಿಂತ ಚಿಕ್ಕವಳು. “ತಾತ, ಏನ್ ಕೆಲಸ ಮಾಡ್ತಿದ್ರಿ?” ಎಂದು ಕಿವಿಯ ಬಳಿ ಕೂಗಿ ಕೇಳಿದಳು. ಪಿಚ್ಚು ಎಂದೆ. ತಲೆಯಾಡಿಸಿದಳು. ನಿನಗೆ ಹೇಗೆ ಗೊತ್ತಮ್ಮ ಎಂದರೆ, “ಇದು ಇನ್ನೂರು ವರ್ಷದಿಂದ ಗೊತ್ತಿರೋದು ತಾತ. ಮಸಿ, ಡಾಂಬರು, ಪಿಚ್ಚು ಅಂದ್ರೆ ಮೊದಲು ಚರ್ಮ ನೋಡಬೇಕು ಅಂತ ನಮಗೆ ಕಾಲೇಜಲ್ಲೇ ಹೇಳ್ಕೊಡ್ತಾರೆ” ಎಂದಳು.

ಇನ್ನೂರು ವರ್ಷದಿಂದ!

ಆ ಮಾತು ಕೇಳಿದಾಗಿನಿಂದ ನನಗೆ ನಿದ್ದೆಯಿಲ್ಲ. ಎಡಗಿವಿಯನ್ನು ಬುಡದವರೆಗೆ ತೆಗೆದಿದ್ದಾರೆ. ಆ ನೋವಿಗಲ್ಲ. ನನಗೆ ಬ್ಲೇಡಿನ ಪೆಟ್ಟಿಗೆಯನ್ನು ಕೊಟ್ಟವರು ಯಾರು ಗೊತ್ತೇ? ನಮ್ಮ ಕಾರ್ಖಾನೆಯ ಅಂದಿನ ವೈದ್ಯ. ನಾನು ಮೇಸ್ತ್ರಿಯಾದ ವಾರ ಕರೆಸಿ, ಕುರ್ಚಿ ಕೊಟ್ಟು ಕೂರಿಸಿ ಹೇಳಿದ: “ಮೇಸ್ತ್ರಿ, ಇಂಥ ಚಿಲ್ಲರೆಗೆಲ್ಲ ಜನಾನ ನನ್ನ ಹತ್ರ ಕಳಿಸ್ಬೇಡಿ. ನಿಮ್ಮ ಕೈ ನನ್ನ ಕೈಗಿಂತ ಹಗುರ. ನೀವೇ ತೆಗೀರಿ.” ವರ್ಷಕ್ಕೊಮ್ಮೆ ಹೊಸ ಪೆಟ್ಟಿಗೆ, ಒಂದು ಶೀಸೆ ಸ್ಪಿರಿಟ್ ತಪ್ಪದೆ ಬರುತ್ತಿತ್ತು. ವೈದ್ಯರೇ ನನ್ನ ಕೈಯನ್ನು ಹೊಗಳಿದರೆಂದು ನಿನ್ನ ಅಮ್ಮನಿಗೆ ಎಷ್ಟು ಸಲ ಹೇಳಿದ್ದೆನೋ! ಅವನೂ ಕಾಲೇಜಿನಲ್ಲಿ ಓದಿದವನೇ. ಜನ ಅವನ ಬಳಿಗೆ ಹೋದರೆ ರೋಗ ಎನ್ನಬೇಕಾಗುತ್ತದೆ, ನನ್ನ ಬಳಿಗೆ ಬಂದರೆ ಕಾಳು ಅಷ್ಟೇ. ಕುರ್ಚಿಯ ಮರ್ಯಾದೆ ಕೊಟ್ಟು ನನ್ನನ್ನು ಬಾಗಿಲ ಚಿಲಕ ಮಾಡಿಕೊಂಡರು.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಕ್ಷಮೆ ಕೇಳುವ ಸರದಿ ನನಗಿಂತ ಮೊದಲು ಬೇರೆಯವರದ್ದಿದೆ. ಜೊತೆಗಿರುವ ಹಾಳೆಯನ್ನು ಅಂಗಳದಲ್ಲಿ ಓದಿಸು. ನೀನು ಓದಬೇಡ, ಅವರಲ್ಲೇ ಒಬ್ಬರು ಓದಲಿ. ಒಂದು ಪದವನ್ನೂ ತಿದ್ದಬೇಡ.

ಅಪ್ಪ

*

ಲೇ ಅಂಗಳದೋರಾ,

ನಿಮ್ಮ ಹಳೇ ಮೇಸ್ತ್ರಿ ಹೇಳ್ತಾ ಇದೀನಿ. ಸುತ್ತಿಗೆ ಕೆಳಗಿಟ್ಟು ಕೇಳಿ.

ಕಾಳು ಬಿದ್ರೆ ಪಕ್ಕಾ ಅಂತ ಹೇಳಿ ನಿಮ್ಮ ಕೈಲಿ ಚಹಾ ಕುಡ್ಸಿದೋನು ನಾನು. ಅದು ಸುಳ್ಳು. ನನಗೆ ಹೇಳ್ಕೊಟ್ಟ ಮೇಸ್ತ್ರಿಗೂ ಅದು ಸುಳ್ಳು ಅಂತ ಗೊತ್ತಿರ್ಲಿಲ್ಲ. ಬ್ಲೇಡು ಕೊಟ್ಟ ಕಂಪನಿ ವೈದ್ಯನಿಗೆ ಗೊತ್ತಿತ್ತು. ಅವನಿಗೆ ಸಂಬಳ ಕೊಡ್ತಿದ್ದೋರಿಗೂ ಗೊತ್ತಿರ್ಬೇಕು.

ನನಗೂ ಕಾಳು ಬಿದ್ದಿತ್ತು. ಮುಚ್ಚಿಟ್ಕೊಂಡೆ. ಈಗ ಎಡಗಿವಿ ಇಲ್ಲ. ನಂಬ್ದೆ ಇದ್ರೆ ಬಸ್ಸು ಹತ್ತಿ ಬಂದು ನೋಡ್ಕೊಂಡು ಹೋಗಿ, ನೋಡೋಕೆ ಟಿಕೆಟ್ ಏನೂ ಇಟ್ಟಿಲ್ಲ.

‘ಬಿಚ್ಚಬೇಡಿ’ ಅಂತ ಬರೆದಿದ್ದೆ. ಈಗ ಹೇಳ್ತೀನಿ, ಬಿಚ್ಚಿ. ನಾಚಿಕೆ ಆಗ್ಬೇಕಾದ್ದು ನಿಮಗಲ್ಲ. ಹೋಗಿ ತೋರಿಸ್ಕೊಳ್ಳಿ, ಬಂದು ಕಂಪನಿ ಕೊರಳಪಟ್ಟಿ ಹಿಡೀರಿ. ಎರಡನ್ನೂ ಮಾಡಿ. ಒಂದೇ ಮಾಡಿ ಮನೆಗೆ ಹೋದ್ರೆ ನನ್ನ ಶಿಷ್ಯರಲ್ಲ ನೀವು.


ಮಾರ್ಚ್ 30

ಅಪ್ಪಾ,

ನಿಮ್ಮ ಪ್ರಶ್ನೆಗೆ ಉತ್ತರ: ಕೊಯ್ದ ಜಾಗದಲ್ಲೇ ಮತ್ತೆ ಬರುವುದು, ಅಂಚು ದಪ್ಪಗಾಗುವುದು, ನಡು ಗುಳಿಬೀಳುವುದು, ಒಸರುವುದು, ಇವೆಲ್ಲವೂ ಕೆಟ್ಟ ಗುರುತುಗಳೇ. ವೈದ್ಯರು ಫೆಬ್ರವರಿಯಲ್ಲಿಯೇ ನನಗೆ ಇದನ್ನು ಹೇಳಿದ್ದರು. ಒಂದು ಸಾಲಿನಲ್ಲಿ ಬರೆಯಬಹುದಿತ್ತು. ನನ್ನ ಸಿಟ್ಟು ನನ್ನ ಕಣ್ಣಿಗೆ ಅಡ್ಡ ಬಂತು. ಆ ಸಿಟ್ಟನ್ನು ನಾನು ಎಲ್ಲಿಂದ ತಂದೆನೆಂದು ನಿಮಗೆ ಹೇಳಬೇಕಾಗಿಲ್ಲ.

ನಿಮ್ಮ ಕಾಗದ ಬಂದ ಗಳಿಗೆಯಲ್ಲಿಯೇ ಸೀಟಿ ಮಾಮನ ಮನೆಗೆ ಹೋದೆ. ಮಾತು ತೆಗೆಯುತ್ತಲೇ ಬಾಗಿಲು ಹಾಕಿಕೊಂಡರು. “ಹೆಣ್ಮಗಳ ಜೊತೆ ಆಡೋ ಮಾತೇನೇ ಇದು? ಹೋಗು!” ಎಂದು ಒಳಗಿನಿಂದ ಕೂಗಿದರು.

ನಿಮ್ಮ ಹಾಳೆಯನ್ನು ಓದಿಸುವ ಮೊದಲು ವ್ಯವಸ್ಥಾಪಕರಿಗೆ ತೋರಿಸಿದೆ. ತೋರಿಸದೆ ಓದಿಸಿದರೆ ಕದ್ದು ಮಾಡಿದಂತಾಗುತ್ತಿತ್ತು. “ಒಳ್ಳೇದೇ ಬರೆದಿದಾರೆ. ಆ ಬ್ಲೇಡಿನ ವಿಷಯ, ಕೊರಳಪಟ್ಟಿ ವಿಷಯ ಬಿಟ್ಟು ಓದಿಸಿ” ಎಂದರು. “ಅವೆರಡು ಬಿಟ್ರೆ ಉಳಿಯೋದು ಮುದುಕನ ಬುದ್ಧಿವಾದ ಸಾರ್. ಅದನ್ನ ಯಾರೂ ಕೇಳಲ್ಲ” ಎಂದೆ. “ನಿಮ್ಮ ಕುರ್ಚಿ ನೆನಪಿರಲಿ” ಎಂದರು. ನೆನಪಿದೆ ಎಂದು ಹೇಳಿ ಎದ್ದು ಬಂದೆ.

ದಪ್ಪಣ್ಣ ಓದಿದರು. ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿದ್ದರಿಂದ ಪ್ರತಿಯೊಂದು ಪದವೂ ಸುತ್ತಿಗೆಯ ಪೆಟ್ಟಿನಂತೆ ಬಿತ್ತು. ಕಿವಿಯ ಮಾತು ಬಂದಾಗ ನಿಲ್ಲಿಸಿ ನನ್ನ ಮುಖ ನೋಡಿದರು. ನಿಜವೆಂದು ತಲೆಯಾಡಿಸಿದೆ. ಮುಗಿದ ಮೇಲೆ ಯಾರೂ ಒಂದು ಚಟಾಕಿಯನ್ನೂ ಹಾರಿಸಲಿಲ್ಲ. ಒಬ್ಬರು ಸುತ್ತಿಗೆಯನ್ನು ಪಿಚ್ಚಿನ ಗುಡ್ಡೆಗೆ ಎಸೆದರು. ಆಮೇಲೆ ಎಲ್ಲರೂ ಒಟ್ಟಾಗಿ ಚಿಕಿತ್ಸಾಲಯಕ್ಕೆ ನಡೆದರು. ಎಲ್ಲರಿಗಿಂತ ಹಿಂದೆ ಸೀಟಿ ಮಾಮ, ಕಾಲು ಎಳೆಯುತ್ತಾ.

ಎಲ್ಲರ ಪರೀಕ್ಷೆಯೂ ಆಗಿದೆ. ಕೆಲವರಿಗೆ ಸಣ್ಣ ಶಸ್ತ್ರಕ್ರಿಯೆ ಬೇಕಂತೆ, ಕೈಮೀರಿಲ್ಲ. ಕೆಲಸ ಯಾರದ್ದೂ ಹೋಗುವುದಿಲ್ಲ. ಸೀಟಿ ಮಾಮನನ್ನು ಅಂದೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ತೊಡೆಸಂದಿಯ ಗಂಟುಗಳಿಗೆ ಹಬ್ಬಿದೆ. ಕೊಯ್ದರೂ ಎಷ್ಟು ದಿನವೆಂದು ವೈದ್ಯರು ಹೇಳುತ್ತಿಲ್ಲ.

ನಿಮ್ಮಿಂದ ಏನನ್ನೂ ಮುಚ್ಚಿಡಬಾರದೆಂದು ಅವರ ಮಾತನ್ನು ಇದ್ದಂತೆಯೇ ಬರೆಯುತ್ತೇನೆ. ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳಿದರು: “ಆ ಮುದುಕನಿಗೆ ಬರಿ. ತನ್ನ ಕಿವಿ ಹೋದ್ಮೇಲೆ ಬುದ್ಧಿ ಬಂತಾ ಅವನಿಗೆ? ಮತ್ತೆ ಬಂದಿದೆ ಅಂತ ಜನವರಿಲೇ ಬರೆದಿದ್ನಲ್ಲ ನಾನು! ಆಗ ಒಂದು ಸಾಲು ‘ಹೋಗಿ ತೋರಿಸ್ಕೊಳ್ಳೋ’ ಅಂತ ಬರೀಬಾರ್ದಿತ್ತಾ? ಅವನು ಸಾಯಿ ಅಂದಿದ್ರೂ ಸಾಯ್ತಿದ್ನಲ್ಲೇ ನಾನು! ಬರ್ಲಿ ಇಲ್ಲಿಗೆ. ಕಾಗದದಲ್ಲಿ ಬೈದ್ರೆ ಹೊಟ್ಟೆ ತುಂಬಲ್ಲ ನನಗೆ.”

ಗಾಯ ಮಾಗಿದ್ದರೆ ಬನ್ನಿ. ಮಾಗದಿದ್ದರೂ ಬನ್ನಿ.

ನಿಮ್ಮ ಮಗಳು


ಏಪ್ರಿಲ್ 3

ಮಗಳೇ,

ಹೊಲಿಗೆ ಬಿಚ್ಚುವ ಮೊದಲು ಪ್ರಯಾಣ ಕೂಡದೆಂದು ಇಲ್ಲಿನವರು ಹೇಳುತ್ತಾರೆ. ಹೇಳಲಿ. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನ್ನ ಮನೆಯಲ್ಲಿ ಹಾಸಿಗೆ ಹಾಸಬೇಡ, ಸೀಟಿಯ ವಾರ್ಡಿನ ಹೊರಗಿನ ಬೆಂಚು ಸಾಕು.

ಅವನು ಬೈಯುವಾಗ ನೀನು ನಡುವೆ ಬಂದು ಸಮಾಧಾನ ಹೇಳಬಾರದು. ಅವನ ಹೆಂಡತಿಗೂ ಹೇಳಿಡು. ಅವನ ಬೈಗುಳದಲ್ಲಿ ನನ್ನ ಪಾಲು ಎಷ್ಟಿದೆಯೋ ಅಷ್ಟನ್ನು ಅಲ್ಲಿಯೇ ಕೂತು ತೆಗೆದುಕೊಳ್ಳುತ್ತೇನೆ. ಆಮೇಲೆ ಉಳಿದದ್ದನ್ನು ಇಬ್ಬರೂ ಸೇರಿ ಅದು ಸಲ್ಲಬೇಕಾದ ಬಾಗಿಲಿಗೆ ಒಯ್ಯುತ್ತೇವೆ. ಆ ವೈದ್ಯ ಬದುಕಿದ್ದರೆ ಮನೆಯೆಲ್ಲಿದೆಯೆಂದು ವಿಚಾರಿಸಿಡು. ಸತ್ತಿದ್ದರೆ ವ್ಯವಸ್ಥಾಪಕರ ಕೋಣೆಯೇ ಸಾಕು. ನಿನ್ನ ಕುರ್ಚಿಯನ್ನು ನೆನಪಿಸಿದರಂತಲ್ಲ, ಅವರ ಕುರ್ಚಿಯನ್ನೂ ಒಮ್ಮೆ ನೋಡಿ ಬರೋಣ.

ಸೀಟಿಗೆ ಅಲ್ಲಿನ ಮೆಟ್ಟಿಲು ಹತ್ತಲಾಗುವುದಿಲ್ಲ. ಕೂರಿಸಿ ಹೊತ್ತೊಯ್ಯಲು ಜನರನ್ನು ಗೊತ್ತುಮಾಡು. ಅಂಗಳದವರೇ ಆಗಲಿ. ಕೆಲಸದಿಂದ ನೇರವಾಗಿ ಬರಲಿ, ಮುಖದ ಮಣ್ಣು, ಪಿಚ್ಚು ತೊಳೆಯದೆ.

ಅಪ್ಪ